ಆನ್ಸೆಲ್ಮೊ ಇಟ್ಟ ಹಿತ್ತಲ ಬಾಗಿಲು

ನಾರ್ದಿಂಗ್ ಮೇಜಿನಡಿ ತೂರಿ, ಗೋಡೆಯ ಪ್ಲಗ್ಗನ್ನು ಎರಡೂ ಕೈಯಿಂದ ಜಗ್ಗಿ ಕಿತ್ತ. ಮೇಜಿನ ಮೇಲಿದ್ದ ಹಳೆಯ ಕಂಪ್ಯೂಟರು ಒಮ್ಮೆ ಉಸಿರೆಳೆದು ಸುಮ್ಮನಾಯಿತು. ಪಕ್ಕದ ಇಂಟರ್ನೆಟ್ ಡಬ್ಬಿಯ ಹಸಿರು ಬೆಳಕೂ ಆರಿತು. ಆ ಜಾಗಕ್ಕೆ ಶವಪೆಟ್ಟಿಗೆಯ ಅಂಗಡಿಯವರು ತಂದ ದೊಡ್ಡ ದೀಪಗಳ ಪ್ಲಗ್ಗು ಏರಿತು.

ಆನ್ಸೆಲ್ಮೊ ತೀರಿಕೊಂಡ ಸುದ್ದಿ ಲುಸೇನಾ ಊರಿನ ಆ ಓಣಿಗೆ ಅಂದು ಬೆಳಿಗ್ಗೆಯಷ್ಟೇ ಮುಟ್ಟಿತ್ತು. ಪೆಟ್ಟಿಗೆ ಮನೆ ಬಿಡುವ ತನಕ ಅದರ ತಲೆಯ ಬಳಿ ದೀಪ ಆರಬಾರದು. ಮನೆಯ ಸಣಕಲು ತಂತಿಗೆ ಆ ದೀಪಗಳೇ ಭಾರ. ಬೇರೇನು ಹಚ್ಚಿದರೂ ಫ್ಯೂಸ್ ಹೋಗುತ್ತಿತ್ತು. ಬಂದವರ ಕಾಫಿಯೂ ಪಕ್ಕದ ನಾರ್ದಿಂಗನ ಮನೆಯಲ್ಲೇ ಕುದಿಯಬೇಕಾಯಿತು.

ನಾರ್ದಿಂಗ್ ಪ್ಲಗ್ಗು ಕಿತ್ತದ್ದು ಆನ್ಸೆಲ್ಮೊನ ಹೆಂಡತಿ ಪುರಿಂಗಳ ಕಣ್ಣೆದುರಿಗೇ. ಆದರೆ ಗಂಡನ ಮುಖವೊಂದನ್ನು ಬಿಟ್ಟು ಅವಳಿಗೆ ಏನೂ ಕಾಣುತ್ತಿರಲಿಲ್ಲ.

*

ಮಣ್ಣು ಮಾಡುವ ದಿನ, ಶವದ ಗಾಡಿ ಬಾಗಿಲಿಗೆ ಬಂದು ನಿಂತ ಹೊತ್ತಿಗೆ ಬೆಲೆನಳ ಫೋನು ಸದ್ದು ಮಾಡಿತು. ಬೆಲೆನ್ ಸತ್ತವನ ಅಕ್ಕ. ಅವಳ ಕೈಯಲ್ಲಿ ಕತ್ತರಿ ಇತ್ತು. ತಮ್ಮನ ಬೆರಳಿಗೆ ಸುತ್ತಿದ ಜಪಸರವನ್ನು ಕತ್ತರಿಸಿದ ಮೇಲೆಯೇ ಪೆಟ್ಟಿಗೆ ಮುಚ್ಚುವುದು. ಕತ್ತರಿಸದೆ ಬಿಟ್ಟರೆ ಸಾವು ಅದೇ ಎಳೆ ಹಿಡಿದು ಮನೆಯ ಇನ್ನೊಬ್ಬರನ್ನು ಕರೆದೊಯ್ಯುತ್ತದೆ.

"ಮರಿವಿಕ್ ಬರ್ದಿದಾಳೆ," ಎಂದು ಓದಿದಳು. "'ರಜಾ ಕೊಡ್ಲೇ ಇಲ್ಲ ಅತ್ತೆ. ಮುಚ್ಚೋ ಮುಂಚೆ ಅಪ್ಪನ ಮುಖ ಒಂದ್ಸಲ ತೋರ್ಸಿ. ಹಿತ್ತಲ ಬಾಗಿಲು ತಟ್ತಾನೇ ಇದೀನಿ, ಯಾರೂ ತೆಗೀತಿಲ್ಲ.' ಏನೇ ಇದು, ಹಿತ್ತಲ ಬಾಗಿಲು? ಈ ಮನೆಗೆ ಹಿತ್ತಲೇ ಇಲ್ಲ!"

ಪುರಿಂಗ್ ತಟ್ಟನೆ ಮೇಜಿನ ಕಡೆ ತಿರುಗಿದಳು. ಕಂಪ್ಯೂಟರಿನ ಮೇಲೆ ಯಾರೋ ಬಿಳಿಯ ಬಟ್ಟೆ ಹೊದಿಸಿದ್ದರು.

"ಅತ್ತಿಗೆ, ಕತ್ತರಿ ಕೆಳಗಿಡಿ."

*

ಮರಿವಿಕ್ ಮರಳುನಾಡೊಂದರಲ್ಲಿ ನರ್ಸು. ಮುಖ ನೋಡಿಕೊಂಡು ಮಾತಾಡುವ ಕರೆಗಳಿಗೆ ಅಲ್ಲಿ ಅಡ್ಡಿ. ಆನ್ಸೆಲ್ಮೊ ಬದುಕಿನುದ್ದಕ್ಕೂ ಊರ ಬಾಡಿಗೆ ಬಂಡಿಗಳಾದ ಜೀಪ್ನಿಗಳ ಮೇಲೆ ಬಣ್ಣದಲ್ಲಿ ಹೆಸರು ಬರೆದವನು: ಸಂತರ ಹೆಸರು, ಮಾಲೀಕರ ಹೆಂಡಿರ ಹೆಸರು. ಕಣ್ಣಿಗೆ ಪೊರೆ ಬಂದು ಕುಂಚ ಕೆಳಗಿಟ್ಟ ಮೇಲೆ ಈ ಒಂದು ಕೆಲಸಕ್ಕೆ ಹಟ ಹಿಡಿದು ಕೂತ. ಅವರಿವರನ್ನು ಕೇಳಿ, ತಪ್ಪಿ, ತನ್ನನ್ನೇ ಬೈದುಕೊಂಡು, ಕೊನೆಗೂ ಮನೆಯ ಕಂಪ್ಯೂಟರಿಗೆ ವಿಪಿಎನ್ ಹೂಡಿದ. ಮಗಳ ಫೋನು ಅಲ್ಲಿಂದ ಮೊದಲು ಈ ಕಂಪ್ಯೂಟರಿಗೆ ಬಂದು ಸೇರುವುದು. ಆಮೇಲೆ ಅವಳು ಇದೇ ಕೋಣೆಯಲ್ಲಿ ಕೂತು ಕರೆ ಮಾಡಿದಂತೆಯೇ ಲೆಕ್ಕ.

"ಮುಂಬಾಗಿಲಿಗೆ ಬೀಗ ಜಡಿದ್ರೇನಂತೆ? ಮನೆ ಮಗಳಿಗೆ ಹಿತ್ತಲ ಬಾಗಿಲು ಇದ್ದೇ ಇರತ್ತೆ," ಎಂದಿದ್ದ.

ಮೊದಲ ಸಲ ಮಗಳ ಮುಖ ಮೂಡಿದಾಗ ಪರದೆಗೆ ಮೂಗು ತಾಗಿಸಿ, "ತೆಳ್ಳಗಾಗ್ಬಿಟ್ಟಿದೀಯಲ್ಲೇ," ಎಂದ.

"ಈ ಕಣ್ಣಿಗೆ ಅದೊಂದು ಚೆನ್ನಾಗಿ ಕಾಣತ್ತೆ," ಎಂದು ಪುರಿಂಗ್ ನಕ್ಕಿದ್ದಳು.

ಅಂದಿನಿಂದ ಆತ ಆ ಯಂತ್ರವನ್ನು ಆರಿಸಿದ್ದೇ ಇಲ್ಲ.

*

"ನಾರ್ದಿಂಗ್, ದೀಪದ ಪ್ಲಗ್ ಕೀಳು," ಎಂದಳು ಪುರಿಂಗ್.

ನಿದ್ದೆಗೆಟ್ಟು ಶವ ಕಾಯಲೆಂದು ಮೂಲೆಯಲ್ಲಿ ಇಸ್ಪೀಟಾಡುತ್ತಿದ್ದವರು ಎಲೆ ಕೆಳಗಿಟ್ಟರು.

"ತಲೆ ಕೆಟ್ಟಿದೆಯಾ ನಿಂಗೆ?" ಬೆಲೆನ್ ಪೆಟ್ಟಿಗೆಗೆ ಅಡ್ಡ ನಿಂತಳು. "ಹೊಸ್ತಿಲು ದಾಟೋ ತನಕ ದೀಪ ಆರಬಾರ್ದು. ನನ್ನ ತಮ್ಮ ಕತ್ತಲಲ್ಲಿ ದಾರಿ ತಪ್ಪಿ ಅಲೀಬೇಕಾ?"

"ದೀಪ ಕೊಟ್ಟವನು ಅಂಗಡಿಯವನು, ಅತ್ತಿಗೆ. ಮಗಳನ್ನ ಕೊಟ್ಟವನು ದೇವರು."

ಹೊರಗೆ ಗಾಡಿಯ ಚಾಲಕ ಹಾರನ್ ಒತ್ತಿದ. "ಬೇಗ ಆಗ್ಲಿ! ಪಾದ್ರಿಗಳು ಕಾಯ್ತಿದಾರೆ. ನಮ್ಮ ಹಿಂದೇನೇ ಇನ್ನೊಬ್ಬರದು ಇದೆ."

ಬೆಲೆನ್ ತಮ್ಮನ ಮುಖ ನೋಡಿದಳು. ಆಮೇಲೆ ಕೈಚೀಲದಿಂದ ಚರ್ಚಿನಲ್ಲಿ ಮಂತ್ರಿಸಿ ತಂದ ಮೇಣದ ಬತ್ತಿಯೊಂದನ್ನು ತೆಗೆದು ಹೊತ್ತಿಸಿದಳು. "ಈಗ ಕೀಳು. ಗಾಳಿಗೆ ಬಾಗಿಲು ತೆಗೀಬೇಡಿ ಯಾರೂ."

ದೀಪಗಳು ಆರಿದವು. ಕಂಪ್ಯೂಟರು ಗೊಣಗುತ್ತ ಎದ್ದಿತು. ಡಬ್ಬಿಯ ಬೆಳಕು ಮಿಣುಕಿ ನಿಂತಿತು. ಎಲ್ಲರೂ ಬೆಲೆನಳ ಫೋನನ್ನೇ ನೋಡುತ್ತಿದ್ದರು. ಬಂದದ್ದು ಕರೆಯಲ್ಲ, ಎರಡು ಮಾತು: "ಆಗ್ತಿಲ್ಲ ಅತ್ತೆ."

"ಎಲ್ಲಾ ಸರಿಯಾಗೇ ಉರೀತಿದೆಯಲ್ಲ! ಇನ್ನೇನು ಬೇಕಂತೆ ಇದಕ್ಕೆ?" ನಾರ್ದಿಂಗ್ ಡಬ್ಬಿಗೆ ಒಂದೇಟು ಕೊಟ್ಟ.

ಚಾಲಕ ಒಳಗೇ ಬಂದ. "ಇನ್ನು ನನ್ನ ಕೈಲಾಗಲ್ಲಮ್ಮ."

ಬೆಲೆನ್ ಮತ್ತೆ ಕತ್ತರಿ ಎತ್ತಿಕೊಂಡಳು. "ಸಾಕು ಪುರಿಂಗ್. ದೈವೇಚ್ಛೆ."

ಪುರಿಂಗ್ ಅವಳ ಕೈ ತಡೆದಳು. "ತಡೀರಿ. ಕರೆಂಟ್ ಹೋಗಿ ಬಂದಾಗೆಲ್ಲ ಅವರು ನನ್ನ ಕೂರಿಸ್ಕೊಂಡು ಏನೋ ನಂಬರ್ ಓದಿಸ್ತಿದ್ರು. ಮಗಳಿಗೆ ಕಳಿಸ್ತಿದ್ರು."

"ಲಾಟರಿ ನಂಬರಾ?" ನಾರ್ದಿಂಗನಿಗೆ ತಡೆಯಲಾಗಲಿಲ್ಲ. "ಗೋಡೆಯಾಚೆ ಕದ್ದು ಕೇಳಿ ನಾನೂ ಕಟ್ಟಿದ್ದೆ. ಒಂದೂ ಹತ್ತಲಿಲ್ಲ!"

"ಲಾಟರಿ ಅಲ್ವೋ, ಇಂಟರ್ನೆಟ್ಟಲ್ಲಿ ಈ ಮನೆ ನಂಬರು! ಡಬ್ಬಿ ಆರಿ ಹೊತ್ತಿದ್ರೆ ಅದು ಬದಲಾಗತ್ತೆ ಅಂತಿದ್ರು. ಅಯ್ಯೋ, ನನ್ನ ಮಗಳು ಹಳೇ ನಂಬರು ಹಿಡ್ಕೊಂಡು ಯಾರದೋ ಮನೆ ಬಾಗಿಲು ತಟ್ತಾ ಇದಾಳೆ!"

ಅವಳು ಗಂಡನ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ಆತ ಸದಾ ಒತ್ತುತ್ತಿದ್ದ ಚಿತ್ರವನ್ನು ಹುಡುಕಿ ಒತ್ತಿದಳು. ನಡುನಡುವೆ ಚುಕ್ಕೆಯಿಟ್ಟ ಅಂಕಿಗಳು ಮೂಡಿದವು. ಗಟ್ಟಿಯಾಗಿ ಓದಿದಳು, ಪ್ರತಿ ಚುಕ್ಕೆಯ ಬಳಿ, ಆತ "ಹೂಂ" ಅನ್ನಲಿ ಎಂದು ಕಾಯುವಂತೆ, ತುಸು ನಿಂತಳು. ಬೆಲೆನ್ ಕತ್ತರಿಯನ್ನು ಕಂಕುಳಲ್ಲಿ ಇರುಕಿಕೊಂಡು ಒಂದೇ ಬೆರಳಲ್ಲಿ ಒತ್ತಿ ಒತ್ತಿ ಕಳಿಸಿದಳು.

ಬತ್ತಿಯ ಮೇಣ ಒಂದು ಹನಿ ಇಳಿಯಿತು. ಚಾಲಕ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಫೋನು ಕೂಗಿತು.

ಮರಿವಿಕ್ ಕೆಲಸದ ಬಟ್ಟೆಯಲ್ಲೇ ಯಾವುದೋ ಮೆಟ್ಟಿಲ ಮೇಲೆ ಕೂತಿದ್ದಳು. ಬೆಲೆನ್ ಫೋನನ್ನು ಪೆಟ್ಟಿಗೆಯತ್ತ ತಿರುಗಿಸಿದಳು. ಮಗಳು ಅಳಲಿಲ್ಲ. ನೋಡಿದಳು, ನೋಡುತ್ತಲೇ ಇದ್ದಳು.

"ಕ್ಷೌರ ಯಾರು ಮಾಡಿದ್ದು?"

"ನಾನೇ," ಎಂದ ನಾರ್ದಿಂಗ್.

"ಚೆನ್ನಾಗ್ ಮಾಡಿದೀಯ ಅಣ್ಣ." ಆಮೇಲೆ ಸಣ್ಣ ದನಿಯಲ್ಲಿ, "ಅಪ್ಪನ ಕೈ," ಎಂದು ತಲೆ ಬಾಗಿಸಿದಳು. ಪರದೆಯ ತುಂಬ ಅವಳ ಹಣೆ.

ಬೆಲೆನಳಿಗೆ ಅರ್ಥವಾಯಿತು. ಹೊರಗಿನಿಂದ ಬಂದ ಮಕ್ಕಳು ಹಿರಿಯರ ಕೈಯನ್ನು ಹಣೆಗೆ ಒತ್ತಿಕೊಂಡೇ ಮನೆಯೊಳಗೆ ಕಾಲಿಡುವುದು. ಅವಳು ಫೋನಿನ ಗಾಜನ್ನು ತಮ್ಮನ ತಣ್ಣನೆಯ ಬೆರಳ ಗೆಣ್ಣಿಗೆ ಮೆಲ್ಲನೆ ತಾಗಿಸಿ ಹಿಡಿದಳು. ಆಗ ಹಿರಿಯರು ಹೇಳಬೇಕಾದ ಮಾತನ್ನು ತಾನೇ ಹೇಳಿದಳು: "ದೇವರು ನಿನ್ನ ಕಾಯಲಿ, ಮಗಳೇ."

ಆಮೇಲೆ ಫೋನನ್ನು ಪುರಿಂಗಳ ಕೈಗಿತ್ತು ಜಪಸರವನ್ನು ಕತ್ತರಿಸಿದಳು.

ಪೆಟ್ಟಿಗೆ ಮುಚ್ಚಿತು. ಹೊರುವವರು ಬಗ್ಗಿ ಹಿಡಿಕೆ ಹಿಡಿದರು. ಪುರಿಂಗ್ ಕಣ್ಣು ಮುಚ್ಚಿ ಪ್ರಾರ್ಥಿಸಿದಳು:

"ಪ್ರಭುವೇ, ನಿನ್ನ ಈ ಮಗ ದಣಿದಿದ್ದಾನೆ. ಅವನ ತಪ್ಪುಗಳನ್ನು ಮನಸ್ಸಿಗೆ ತಂದುಕೊಳ್ಳಬೇಡ. ನಿನ್ನ ಮಡಿಲಲ್ಲಿ ಅವನಿಗೆ ಶಾಂತಿಯ ನಿದ್ದೆ ಕೊಡು."

"ಆಮೆನ್," ಎಂದಿತು ಮನೆ.

ಯಾರೂ ಪೆಟ್ಟಿಗೆ ಎತ್ತಲಿಲ್ಲ. ದೂರದ ದನಿ ತುಸು ತಡವಾಗಿ ಬರುತ್ತದೆ ಎಂಬುದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಹಿಡಿಕೆಯ ಮೇಲೆ ಕೈಯಿಟ್ಟು, ಬಗ್ಗಿದ ಬೆನ್ನಲ್ಲೇ ಕಾದರು.

"ಆಮೆನ್," ಎಂದಿತು ಪುರಿಂಗಳ ಅಂಗೈಯಲ್ಲಿದ್ದ ಫೋನು.