ಕೂರಿಸಿ ತೆಗೆದ ಅಳತೆ

ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಮಕ್ಕಳನ್ನ ಬಿಟ್ಟು ಅದ್ಹೇಗೆ ಇದೀಯಮ್ಮಾ?" ಹಾಲಿನ ಅಂಗಡಿಯವಳು ಕೇಳಿದ್ದಾಳೆ. ಮಕ್ಕಳ ವರ್ಗಾವಣೆ ಪತ್ರ ಕೊಡುವಾಗ ಶಾಲೆಯ ಗುಮಾಸ್ತ ಕೇಳಿದ್ದಾನೆ. ಬಸ್ಸಿನಲ್ಲಿ ಪಕ್ಕ ಕೂತ, ಮುಖಪರಿಚಯವೂ ಇಲ್ಲದ ಹೆಂಗಸೊಬ್ಬಳು ಎರಡು ನಿಲ್ದಾಣ ದಾಟುವಷ್ಟರಲ್ಲಿ ನನ್ನ ಮನೆಯ ಸಮಾಚಾರವನ್ನೆಲ್ಲ ಜಾಲಾಡಿ, ಇಳಿಯುವ ಮುಂಚೆ ಇದನ್ನೇ ಕೇಳಿದಳು. ಎದುರು ಮನೆಯ ಡ್ರೈವರ್ ಆರು ವರ್ಷದಿಂದ ಹೊರದೇಶದಲ್ಲಿದ್ದಾನೆ, ಅವನ ಮೂರು ಮಕ್ಕಳು ಇಲ್ಲೇ ಬೀದಿಯಲ್ಲಿ ಆಡಿಕೊಂಡಿವೆ. ಅವನು ರಜೆಗೆ ಬಂದರೆ ಇದೇ ಜನ, "ಪಾಪ, ಎಷ್ಟು ಕಷ್ಟ ಪಡ್ತೀಯಪ್ಪಾ" ಎನ್ನುತ್ತಾರೆ. ಪಾಪ ಎಲ್ಲ ಅವನ ಪಾಲಿಗೆ, ಪ್ರಶ್ನೆ ಎಲ್ಲ ನನ್ನ ಪಾಲಿಗೆ.

ವಿಷಯ ಇಷ್ಟೇ. ನನ್ನ ಗಂಡನಿಗೆ ಹೊರದೇಶದ ಒಂದು ಬ್ರೆಡ್ ಕಾರ್ಖಾನೆಯಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತು. ಸಂಸಾರ ಕರೆದುಕೊಂಡು ಹೋಗಬಹುದು, ಮಕ್ಕಳಿಗೆ ಒಳ್ಳೆಯ ಶಾಲೆ ಇದೆ, ಆದರೆ ಹೆಂಡತಿ ಮಾತ್ರ ಅಲ್ಲಿ ಯಾವ ಕೆಲಸವನ್ನೂ ಮಾಡುವಂತಿಲ್ಲ ಎಂದು ಕಾಗದದಲ್ಲೇ ಬರೆದಿತ್ತು. ನಾನು ಒಲ್ಲೆ ಎಂದೆ. ಆಗ ಎದೆ ಸೆಟೆಸಿಕೊಂಡು ನಿಂತವರು ಇವರೇ. "ನಾನೇನು ಮಕ್ಕಳನ್ನ ನೋಡ್ಕೊಳ್ಳೋಕೆ ಆಗದವನಾ? ಬೆಳಗ್ಗೆ ಹೋಗಿ ಮಕ್ಕಳು ಶಾಲೆಯಿಂದ ಬರೋಷ್ಟರಲ್ಲಿ ಬರೋ ಕೆಲಸ. ಇಬ್ಬರನ್ನೂ ಕರ್ಕೊಂಡು ಹೋಗ್ತೀನಿ. ನೀನು ನಿನ್ನ ಅಂಗಡಿ ನೋಡ್ಕೋ." ಈ ಮಾತು ಆಡಿದ್ದು ಅವರ ಬಾಯಿ. ಕೇಳಿಸಿಕೊಂಡ ಸಾಕ್ಷಿಗಳು ನನ್ನ ಇಬ್ಬರು ಹೆಣ್ಣುಮಕ್ಕಳು, ಹತ್ತು ವರ್ಷದ ದೊಡ್ಡವಳು ಮತ್ತು ಆರು ವರ್ಷದ ಚಿಕ್ಕವಳು.

ನನ್ನ ಅಂಗಡಿ ಎಂದರೆ ನನ್ನದಲ್ಲ. ಒಡೆಯರನ್ನು ನಾವೆಲ್ಲ ತಾತ ಎನ್ನುತ್ತೇವೆ, ಬಿಲ್ಲು ಕೇಳಲು ಬರುವ ಚರ್ಮದ ವ್ಯಾಪಾರಿ ಕೂಡ ತಾತ ಎನ್ನುತ್ತಾನೆ. ಸಿದ್ಧ ಶೂ ಕಾಲಿಗೆ ಹತ್ತದವರಿಗೆ ನಾವು ಶೂ ಮಾಡುತ್ತೇವೆ. ಪಾದ ಒಳಕ್ಕೆ ತಿರುಗಿದವರು, ಬೆರಳು ಕಳೆದುಕೊಂಡವರು, ಒಂದು ಕಾಲು ಗಿಡ್ಡ ಇರುವವರು ನಮ್ಮ ಗಿರಾಕಿಗಳು. ಹಿಂದಿನ ಗೋಡೆಯ ತುಂಬ ಮೊಳೆ, ಮೊಳೆಗೊಂದು ಜೊತೆ ಮರದ ಪಾದ. ಅದಕ್ಕೆ ಅಚ್ಚು ಎನ್ನುತ್ತೇವೆ, ಅದರ ಮೇಲೆ ಚರ್ಮ ಎಳೆದು ಶೂ ಹೊಲಿಯುವುದು. ತಾತನ ಕೈ ಈಗ ನಡುಗುತ್ತದೆ. ಅಚ್ಚು ಕೆತ್ತುವವಳು ನಾನೊಬ್ಬಳೇ, ಕಲಿಯುತ್ತಿರುವ ಇಬ್ಬರು ಹುಡುಗಿಯರ ಕೈ ಕುದುರಲು ಇನ್ನೂ ಎರಡು ವರ್ಷ ಬೇಕು.

ನಾನು ಈ ಕೆಲಸ ಕಲಿತದ್ದೂ ಚಿಕ್ಕವಳ ದೆಸೆಯಿಂದಲೇ. ಅವಳ ಎಡಗಾಲು ಬಲಗಾಲಿಗಿಂತ ಎರಡು ಬೆರಳು ಗಿಡ್ಡ. ಅವಳಿಗೆ ಶೂ ಮಾಡಿಸಲು ತಾತನ ಹತ್ತಿರ ಹೋದವಳು, ನೋಡುತ್ತಾ ನೋಡುತ್ತಾ ಅಲ್ಲೇ ಕೂತುಬಿಟ್ಟೆ. ಎಡಗಾಲಿನ ಅಟ್ಟೆಯೊಳಗೆ ಬೆಂಡಿನ ಪದರ ಇಟ್ಟು, ಹೊರಗೆ ಕಾಣದ ಹಾಗೆ ಚರ್ಮ ಸುತ್ತಿ ನಾನು ಮಾಡಿದ ಶೂ ಹಾಕಿಕೊಂಡರೆ ಅವಳು ಕುಂಟುವುದಿಲ್ಲ. ಓಡುತ್ತಾಳೆ. ಅಕ್ಕನ ಜಡೆ ಎಳೆದು ಸಿಕ್ಕಿಬೀಳದಷ್ಟು ಜೋರಾಗಿ ಓಡುತ್ತಾಳೆ. ಹೊರದೇಶದಲ್ಲಿ ಇಂಥ ಶೂ ಮಾಡಿಸಬೇಕಾದರೆ ಒಂದು ವರ್ಷ ಸರದಿ ಕಾಯಬೇಕಂತೆ. ಆದ್ದರಿಂದ ನಾಲ್ಕು ತಿಂಗಳಿಗೊಮ್ಮೆ ಅಳತೆ ಕಳಿಸುವುದು ಅವರ ಕೆಲಸ, ಶೂ ಕಳಿಸುವುದು ನನ್ನ ಕೆಲಸ ಎಂದು ಮಾತಾಯಿತು.

ಹೊರಡುವ ಮುಂಚೆ ಅಳತೆ ತೆಗೆಯುವುದನ್ನು ಇವರಿಗೆ ಮೂರು ಸಲ ತೋರಿಸಿದೆ. ಮಗುವನ್ನು ನಿಲ್ಲಿಸಬೇಕು. ಗಿಡ್ಡ ಕಾಲಿನ ಕೆಳಗೆ ಹಲಗೆ ಇಟ್ಟು ಸೊಂಟ ಸಮ ಮಾಡಬೇಕು. ಮೈಭಾರ ಎರಡೂ ಕಾಲಿನ ಮೇಲೆ ಬಿದ್ದಾಗ ಪಾದ ಹರಡಿಕೊಳ್ಳುತ್ತದೆ, ಉದ್ದವಾಗುತ್ತದೆ. ಪೆನ್ಸಿಲ್ ನೆಟ್ಟಗೆ ಹಿಡಿದು ಆಗ ಗೆರೆ ಎಳೆಯಬೇಕು. ಕೂರಿಸಿ ಎಳೆದರೆ ಅದು ಕೂತ ಪಾದದ ಅಳತೆ, ಶೂ ಬೇಕಾಗಿರುವುದು ನಡೆಯುವ ಪಾದಕ್ಕೆ. "ಗೊತ್ತಾಯ್ತು, ಗೊತ್ತಾಯ್ತು" ಎಂದರು, ಕಣ್ಣು ಫೋನಿನ ಮೇಲೆ.

ಮೊದಲ ಅಳತೆ ಬಂದಾಗಲೇ ನನಗೆ ಇರುಸುಮುರುಸಾಯಿತು. ಪಾದ ಹಳೆಯ ಅಚ್ಚಿನಷ್ಟೇ ಇತ್ತು, ಒಂದು ಕೂದಲೆಳೆ ಬೆಳೆದಿರಲಿಲ್ಲ. ಕಿರುಬೆರಳಿನ ಹತ್ತಿರ ಗೆರೆ ಚಂಗನೆ ಹೊರಗೆ ಹಾರಿತ್ತು. ಫೋನ್ ಮಾಡಿ ಕೇಳಿದೆ. "ಅವಳು ಸರಿಯಾಗಿ ತಿಂತಿದಾಳಾ? ಇದನ್ನ ನಿಲ್ಲಿಸೇ ಬರೆದದ್ದು ತಾನೇ?"

"ಹೂಂ," ಎಂದರು. ಆಮೇಲೆ, "ನಾನು ಮಗುಗೆ ಊಟ ಹಾಕಲ್ಲ ಅಂದ್ಕೊಂಡಿದೀಯಾ?" ಎಂದು ರೇಗಿದರು. ಆ ರೇಗಾಟಕ್ಕೆ ನಾನು ಸುಮ್ಮನಾದೆ. ಬಂದ ಅಳತೆಗೆ ಅಚ್ಚು ತಿದ್ದಿದೆ, ಶೂ ಹೊಲಿದೆ, ಕಳಿಸಿದೆ.

ಶೂ ತಲುಪಿ ಮೂವತ್ತಾರು ದಿನವಾದ ಮೇಲೆ ಒಂದು ಮಧ್ಯಾಹ್ನ ಇವರ ಫೋನು. ಆಟದ ಮೈದಾನದಲ್ಲಿ ಚಿಕ್ಕವಳು ಕುಂಟುತ್ತಿದ್ದುದನ್ನು ನೋಡಿ ಶಾಲೆಯ ನರ್ಸ್ ಕಾಲುಚೀಲ ಬಿಚ್ಚಿಸಿದಳಂತೆ. ಹಿಮ್ಮಡಿ ಹಸಿಗಾಯ. ಹೆಬ್ಬೆರಳಿನ ಉಗುರು ಕಪ್ಪಾಗಿದೆ. ದಿನಾ ಫೋನಿನಲ್ಲಿ ನೋಡುತ್ತಿದ್ದೆ ನಿಜ, ಆದರೆ ಫೋನಿನಲ್ಲಿ ಕಾಣುವುದು ಮುಖ, ಪಾದವಲ್ಲ.

"ನಿನ್ನ ಶೂ ಕಚ್ಚಿದೆ," ಎಂದರು. ನನ್ನ ಶೂ! "ತಾಯಿ ಹತ್ರ ಇಲ್ದಿದ್ರೆ ಹೀಗೇ ಆಗೋದು. ಸಾಕು ನಿನ್ನ ಅಂಗಡಿ. ಬಿಟ್ಟು ಬಾ."

ಮರುದಿನ ಬೆಳಗ್ಗೆ ನಾನಿನ್ನೂ ಅಂಗಡಿಯ ಬಾಗಿಲ ಬೀಗ ತೆಗೆಯುತ್ತಿರುವಾಗಲೇ ನಾದಿನಿ ಹಾಜರು. ನನ್ನ ಗಂಡನ ಅಕ್ಕ, ಮೂರು ಬೀದಿ ಆಚೆ ಮನೆ. ನನಗೆ ಹೇಳುವ ಮೊದಲೇ ಇವರು ಅಕ್ಕನಿಗೆ ಉಪ್ಪು ಖಾರ ಹಚ್ಚಿ ಹೇಳಿಯಾಗಿತ್ತು.

"ಹೆತ್ತ ಕರುಳು ಅನ್ನೋದಿದ್ರೆ ಇಷ್ಟೊತ್ತಿಗೆ ಹೊರಟು ನಿಂತಿರ್ತಿದ್ದೆ," ಎಂದರು. "ಊರಿನವರ ಕಾಲಿಗೆಲ್ಲ ಶೂ ಮಾಡ್ತೀಯ, ಹೆತ್ತ ಮಗಳ ಕಾಲು ಕೊಳೆಸಿದೀಯ. ಅವನು ಗಂಡಸು, ಒಬ್ಬನೇ ಇಬ್ಬರನ್ನ ಸಂಭಾಳಿಸ್ತಿದಾನೆ. ಅದು ದೊಡ್ಡ ಮಾತು."

"ನಾನು ಇಬ್ಬರನ್ನ ಆರು ವರ್ಷ ಸಂಭಾಳಿಸಿದಾಗ ಅದು ದೊಡ್ಡ ಮಾತು ಆಗಿರಲಿಲ್ವಾ ಅಕ್ಕಾ?" ಎಂದೆ.

"ಅದು ನಿನ್ನ ಕರ್ತವ್ಯ ಅಲ್ವಾ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದರು. ಮೈಯೆಲ್ಲ ಉರಿದುಹೋಯಿತು. ಆದರೆ ಆ ಶೂ ಹೊಲಿದ ಕೈ ನನ್ನದೇ.

ಅವರು ಹೋದ ಮೇಲೆ ತಾತನಿಗೆ, "ಈ ತಿಂಗಳ ಕೊನೆಗೆ ಬಿಡ್ತೀನಿ" ಎಂದುಬಿಟ್ಟೆ. ತಾತ ಬಿಡಬೇಡ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಚಿಕ್ಕವಳ ಅಚ್ಚನ್ನು ಮೊಳೆಯಿಂದ ಇಳಿಸಿ, ಅದಕ್ಕೆ ಸುತ್ತಿಟ್ಟಿದ್ದ ಅಳತೆಯ ಕಾಗದ ಬಿಚ್ಚಿ, ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು.

"ಇದು ನಿಂತ ಕಾಲಲ್ಲ," ಎಂದರು.

"ನಿಲ್ಲಿಸಿ ಬರೆದೆ ಅಂದಿದ್ರಲ್ಲ ತಾತ."

"ಕಾಲು ಸುಳ್ಳು ಹೇಳಲ್ಲ ಕಣಮ್ಮ. ನೋಡು, ಪಾದದ ಮಧ್ಯ ಎಷ್ಟು ಒಳಗೆ ಹೋಗಿದೆ. ಭಾರ ಬಿದ್ದಿದ್ರೆ ಇಷ್ಟು ಹೋಗ್ತಿತ್ತಾ? ನಿಂಗೆ ಗೊತ್ತಾಗ್ಬೇಕಿತ್ತು."

ಗೊತ್ತಾಗಬೇಕಿತ್ತು. ಗೊತ್ತಾಗಿಯೂ ಇತ್ತು. ಒಂದು 'ಹೂಂ' ನಂಬಿ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಆ ತಪ್ಪು ನನ್ನದು, ಅದನ್ನು ಯಾರ ತಲೆಗೂ ಕಟ್ಟುವುದಿಲ್ಲ.

ಭಾನುವಾರ ಫೋನ್ ಮಾಡಿದಾಗ ಇವರು ಬಚ್ಚಲಲ್ಲಿದ್ದರು. ಮಕ್ಕಳಿಬ್ಬರೂ ತೆರೆಯ ತುಂಬ ತಲೆ ತುರುಕಿಕೊಂಡು ಕೂತಿದ್ದವು. ನೇರವಾಗಿ ಕೇಳಿದೆ. "ಅವತ್ತು ಕಾಲಿನ ಅಳತೆ ಅಪ್ಪ ಹೇಗೆ ತೆಗೆದ್ರು?"

ಚಿಕ್ಕವಳು ಖುಷಿಯಾಗಿ ಹೇಳಿದಳು. "ನಾನು ಸೋಫಾ ಮೇಲೆ ಕೂತಿದ್ದೆ. ಅಪ್ಪನ ತೊಡೆ ಮೇಲೆ ಪುಸ್ತಕ, ಅದರ ಮೇಲೆ ನನ್ನ ಕಾಲು. ಟೀವೀಲಿ ಫುಟ್‌ಬಾಲ್ ಬರ್ತಿತ್ತು. ಅಪ್ಪ ಗೋಲ್ ಅಂತ ಕೂಗಿದಾಗ ಪೆನ್ಸಿಲ್ ಜಾರ್ತು. ನಂಗೆ ಕಚಗುಳಿ ಆಯ್ತು."

ದೊಡ್ಡವಳು ತಲೆ ತಗ್ಗಿಸಿದಳು. "ನಿಲ್ಲಿಸ್ಬೇಕು ಅಂತ ನಾನು ಹೇಳ್ದೆ ಅಮ್ಮಾ. ಅಪ್ಪ, ಎಲ್ಲಾ ಒಂದೇ ಸುಮ್ನಿರು ಅಂದ್ರು."

"ಮತ್ತೆ ನೋವಾಗ್ತಿದೆ ಅಂತ ನೀನ್ಯಾಕೆ ಹೇಳಲಿಲ್ಲ ಪುಟ್ಟಾ?" ಎಂದು ಚಿಕ್ಕವಳನ್ನು ಕೇಳಿದೆ.

ಅವಳು ಅಂಗಿಯ ಗುಂಡಿ ತಿರುವಿದಳು. "ನೀನು ಮಾಡಿದ್ದಲ್ವಾ ಅಮ್ಮಾ. ಕಚ್ಚುತ್ತೆ ಅಂದ್ರೆ ನಿಂಗೆ ಬೇಜಾರಾಗುತ್ತೆ."

ನಾನು ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿ ಅತ್ತೆ. ಮೂವತ್ತಾರು ದಿನ ನನ್ನ ಮಗಳು ಹಲ್ಲು ಕಚ್ಚಿಕೊಂಡು ನಡೆದದ್ದು ನನಗೆ ಬೇಜಾರಾಗದಿರಲಿ ಎಂದು. ಮನೆಯಲ್ಲೇ ಇದ್ದ ಅಪ್ಪನಿಗೆ ಅದು ಕಾಣಲಿಲ್ಲ. ನರ್ಸ್‌ಗೆ ಒಂದು ಗಳಿಗೆಯಲ್ಲಿ ಕಂಡಿತು. ಅತ್ತು ಮುಗಿದ ಮೇಲೆ ನನ್ನೊಳಗೆ ಉಳಿದದ್ದು ಸಿಟ್ಟು ಮಾತ್ರ, ಅದೂ ತಣ್ಣಗಾಗುವ ಜಾತಿಯದಲ್ಲ. ತಿಂಗಳ ಕೊನೆಗೆ ಬಿಡುತ್ತೇನೆಂದ ಮಾತನ್ನು ಮರುದಿನವೇ ತಾತನಿಂದ ವಾಪಸ್ಸು ಪಡೆದೆ.

ಅದೇ ದಿನ ಸಂಜೆ ಎಲ್ಲರನ್ನೂ ಮತ್ತೆ ಫೋನಿನ ಮುಂದೆ ನಿಲ್ಲಿಸಿದೆ. ಪೆನ್ಸಿಲ್ ದೊಡ್ಡವಳ ಕೈಗೆ, ಫೋನ್ ಹಿಡಿಯುವ ಕೆಲಸ ಇವರಿಗೆ. ಎಡಗಾಲಿನ ಕೆಳಗೆ ಎರಡು ಪುಸ್ತಕ, ಸೊಂಟ ಸಮ, ಕಣ್ಣು ಮುಂದೆ. "ಪೆನ್ಸಿಲ್ ನೆಟ್ಟಗೆ. ಹಿಮ್ಮಡಿ ಹತ್ರ ನಿಧಾನ." ದೊಡ್ಡವಳು ನಾಲಗೆ ಕಚ್ಚಿಕೊಂಡು ಗೆರೆ ಎಳೆದಳು. ಹಳೆಯದಕ್ಕಿಂತ ಅರ್ಧ ಬೆರಳು ಉದ್ದ ಬಂತು. ಇವರು ಕೆಮ್ಮಿ, "ಅಷ್ಟೊಂದು ವ್ಯತ್ಯಾಸ ಬರುತ್ತೆ ಅಂತ ನಂಗೇನು ಗೊತ್ತು," ಎಂದರು. ಕ್ಷಮಿಸು ಎನ್ನಲಿಲ್ಲ. ಬದಲಿಗೆ, "ಏನೇ ಆಗ್ಲಿ, ನೀನಿಲ್ಲಿದ್ದಿದ್ರೆ ಇದೆಲ್ಲ ಆಗ್ತಿರಲಿಲ್ಲ," ಎಂದರು.

ನಾನು ಜಗಳವಾಡಲಿಲ್ಲ. "ಇಡೀ ದಿನ ನಿಂತೇ ಕೆಲಸ ಮಾಡ್ತೀರಲ್ಲ, ನಿಮಗೂ ಒಂದು ಜೊತೆ ಮಾಡ್ತೀನಿ," ಎಂದೆ. "ನಿಮ್ಮ ಕಾಲಿಂದೂ ಬರೆದು ಕಳಿಸಿ."

ಅವರ ಮುಖ ಅರಳಿತು. ಫೋನನ್ನು ಚಿಕ್ಕವಳ ಕೈಗೆ ಕೊಟ್ಟು, ಕಾಗದವನ್ನು ನೆಲದ ಮೇಲೆ ಹಾಕಿ, ಈಗಷ್ಟೇ ಕಣ್ಣಾರೆ ನೋಡಿದ್ದನ್ನೆಲ್ಲ ಮರೆತು, ಸೋಫಾ ಮೇಲೆ ಆರಾಮಾಗಿ ಕೂತರು. ಬಗ್ಗಿ ತಮ್ಮ ಪಾದದ ಸುತ್ತ ತಾವೇ ಗೆರೆ ಎಳೆದರು. ಪೆನ್ಸಿಲ್ ಓರೆಯಾಗಿ ಪಾದದ ಅಡಿಗೆ ನುಸುಳುತ್ತಿತ್ತು. ದೊಡ್ಡವಳು ಬಾಯಿ ತೆರೆದಳು. ನಾನು ತೆರೆಯ ಈಚೆಯಿಂದ ಅವಳನ್ನು ನೋಡಿದೆ. ಅವಳು ಬಾಯಿ ಮುಚ್ಚಿದಳು.

ಕಾಗದಗಳು ಅಂಚೆಯಲ್ಲಿ ಬಂದ ಮೇಲೆ ಚಿಕ್ಕವಳ ಶೂ ಮೂರು ದಿನದಲ್ಲಿ ಮುಗಿಯಿತು. ಇವರದಕ್ಕೆ ಅಂಗಡಿಯಲ್ಲಿದ್ದ ಅತ್ಯುತ್ತಮ ಚರ್ಮ ತೆಗೆದೆ. ಒಂದು ಹೊಲಿಗೆ ಸಡಿಲ ಬಿಡಲಿಲ್ಲ, ಒಂದು ಅಂಚು ಒರಟು ಬಿಡಲಿಲ್ಲ. ಅಚ್ಚನ್ನು ಕಾಗದದ ಗೆರೆಗೆ ಸರಿಯಾಗಿ ಕೆತ್ತಿದೆ, ಗೆರೆಯಿಂದ ಒಂದು ಎಳೆ ಆಚೆ ಹೋಗಲಿಲ್ಲ. ತಾತ ಬಂದು ಕಾಗದ ನೋಡಿದರು, ಶೂ ನೋಡಿದರು, ನನ್ನ ಮುಖ ನೋಡಿದರು.

"ಇದು ಕಚ್ಚುತ್ತಲ್ಲಮ್ಮಾ," ಎಂದರು. "ನಮ್ಮ ಅಂಗಡಿಯಿಂದ ಕಚ್ಚೋ ಶೂ ಹೋದದ್ದಿಲ್ಲ."

"ಒಂದು ಹೋಗಿದೆ ತಾತ," ಎಂದೆ. "ಇದೂ ಹೋಗ್ಲಿ. ಕೊಟ್ಟ ಅಳತೆಗೆ ಸರಿಯಾಗಿದೆ."

ಡಬ್ಬಿಗೆ ದಾರ ಕಟ್ಟುವಾಗ ಗಂಟಿನ ಮೇಲೆ ತಾತ ತಾವೇ ಬೆರಳು ಒತ್ತಿ ಹಿಡಿದರು. ಡಬ್ಬಿ ರವಾನೆಯಾದ ದಿನ ನಾದಿನಿ ಎದುರಾಗಿ, "ಗಂಡಂಗೂ ಶೂ ಕಳಿಸ್ದೆಯಂತೆ, ಈಗ ಬುದ್ಧಿ ಬಂತು ನೋಡು" ಎಂದು ನನ್ನ ಭುಜ ತಟ್ಟಿದರು. ತಟ್ಟಿಸಿಕೊಂಡೆ.

ಡಬ್ಬಿ ತಲುಪಿದ ಮರುದಿನ ಸಂಜೆ ಇವರ ಫೋನು. ಬರಿಗಾಲನ್ನು ಒಂದು ಬಕೆಟ್ ನೀರಿನಲ್ಲಿ ಇಳಿಬಿಟ್ಟುಕೊಂಡು ಕೂತಿದ್ದರು.

"ಏನು ಮಾಡಿದೀಯ ಇದನ್ನ? ಹಿಮ್ಮಡಿ ಕಿತ್ತುಹೋಗಿದೆ. ಒಲೆ ಮುಂದೆ ನಿಲ್ಲೋಕಾಗ್ದೆ ಅರ್ಧ ದಿನಕ್ಕೇ ಬಂದ್ಬಿಟ್ಟೆ."

"ಎಷ್ಟು ದಿನ ಹಾಕ್ಕೊಂಡ್ರಿ?"

"ಎಷ್ಟು ದಿನ ಏನು? ಇವತ್ತೇ, ಅರ್ಧ ದಿನ!"

"ಅವಳು ಮೂವತ್ತಾರು ದಿನ ಹಾಕ್ಕೊಂಡ್ಳು," ಎಂದೆ. "ಆರು ವರ್ಷದವಳು. ಬಕೆಟ್ ಕೇಳಲಿಲ್ಲ."

ಅವರು ನೀರಿನಲ್ಲಿದ್ದ ತಮ್ಮ ಕಾಲನ್ನೇ ನೋಡಿಕೊಂಡರು. ಆಮೇಲೆ, "ನಿಲ್ಲಿಸಿದೆ ಅಂತ ಸುಳ್ಳು ಹೇಳ್ಬಾರ್ದಿತ್ತು," ಎಂದರು.

"ಹೂಂ," ಎಂದೆ ನಾನು.

ಬಿಟ್ಟು ಬಾ ಎಂಬ ಮಾತು ಅವತ್ತು ಬರಲಿಲ್ಲ. ಆಮೇಲೂ ಬಂದಿಲ್ಲ. ನನ್ನ ಸಿಟ್ಟು ಹೋಯಿತೇ ಎಂದರೆ, ಇಲ್ಲ. ಹೋಗಬೇಕಾದ ಕಾರಣ ಇನ್ನೂ ಕಂಡಿಲ್ಲ. ಅವತ್ತು ನಮ್ಮ ಮಾತು ಮುಗಿಯುವಷ್ಟರಲ್ಲೇ ಚಿಕ್ಕವಳು ಅಪ್ಪನ ಕೈಯಿಂದ ಫೋನು ಕಸಿದುಕೊಂಡು, ಮೊದಲ ಬಾರಿಗೆ ತೆರೆಯ ತುಂಬ ಮುಖದ ಬದಲು ಪಾದ ತೋರಿಸಿದಳು. ಹೊಸ ಶೂ, ಧೂಳು ಮೆತ್ತಿತ್ತು.

"ಅಮ್ಮಾ, ಇದು ಕಚ್ಚಲ್ಲ."

"ಕಚ್ಚಿದ್ರೆ ಹೇಳ್ತೀಯಾ?"

"ಹೇಳ್ತೀನಿ."

"ನಾನು ಮಾಡಿದ್ದಾದ್ರೂ?"

ಅವಳು ಯೋಚಿಸಿದಳು. "ಹೇಳ್ತೀನಿ. ಆದ್ರೆ ನೀನು ಅಳ್ಬಾರ್ದು. ಅವತ್ತು ಫೋನ್ ಕವುಚಿ ಹಾಕಿದ್ದು ನಂಗೆ ಗೊತ್ತಾಯ್ತು."