ಗೋಡೆ ಪಕ್ಕದ ಮಂಚ

ಭಾವ ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುಗಿಸುವುದನ್ನು ತಕರಾರಮ್ಮ ವರ್ಷಗಟ್ಟಲೆ ನೋಡಿದ್ದಳು. ಆವತ್ತು ಮಾತ್ರ ಆ ಒದ್ದೆ ಗುರುತು ನೋಡಿ ಅವಳು ಮುಖ ತಿರುಗಿಸಿದಳು. ಹಾಳೆಯಲ್ಲಿ ಬರೆದದ್ದು ಉಗುಳಿಗಿಂತ ಗಲೀಜಾಗಿತ್ತು.

ತಕರಾರಮ್ಮ ಅನ್ನುವುದು ಆಫೀಸಿನವರು ಇಟ್ಟ ಹೆಸರು. ಬೇರೆಯವರು ಹಾಕಿದ ಕಟ್ಟಡಗಳ ಬಲದ ಲೆಕ್ಕವನ್ನು ತಪಾಸಣೆ ಮಾಡುವುದು ಅವಳ ಕೆಲಸ. ತಕರಾರು ತೆಗೆಯದೆ ಅವಳು ಸಹಿ ಹಾಕಿದ್ದನ್ನು ಕಂಡವರಿಲ್ಲ. ಆಫೀಸು ಭಾವನದು, ಅಂದರೆ ಅಕ್ಕನ ಗಂಡನದು. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಓದಿಸಿ, ಕಂಬ ತೊಲೆಗಳ ಲೆಕ್ಕವನ್ನು ಕೈಹಿಡಿದು ಕಲಿಸಿದ ಮನುಷ್ಯ ಅವರು. ಹಾಗಾಗಿ ಅವರ ಮೇಲೆ ಅವಳಿಗೆ ಬರುವ ಸಿಟ್ಟೂ ಅರ್ಧ ದಾರಿಯಲ್ಲೇ ಗೌರವವಾಗಿಬಿಡುತ್ತಿತ್ತು.

ಈಗಿನ ಸಂಗತಿ ಆಸ್ಪತ್ರೆಯದು. ಹಳೆಯ ಕಟ್ಟಡಕ್ಕೆ ಒತ್ತಿಕೊಂಡು ಹೊಸದೊಂದು ಎದ್ದಿತ್ತು. ನಾಲ್ಕು ಮಹಡಿಗೆಂದು ಲೆಕ್ಕ ಹಾಕಿ, ನಡುವೆ ಹತ್ತು ಸೆಂಟಿಮೀಟರ್ ಸಂದು ಬಿಟ್ಟಿದ್ದರು. ಆಮೇಲೆ ಆಡಳಿತ ಮಂಡಳಿಯವರು ಇನ್ನೆರಡು ಮಹಡಿ ಬೇಕೆಂದರು, ಭಾವ ತಥಾಸ್ತು ಅಂದರು. ಕಟ್ಟಡ ಬೆಳೆಯಿತು, ಸಂದು ಬೆಳೆಯಲಿಲ್ಲ. ಬಾಗಿಲು ತೆರೆಯುವ ಮೊದಲು ಹಿಂದೆಂದೋ ಆದ ಭೂಕಂಪದ ದಾಖಲೆಯನ್ನು ಕಂಪ್ಯೂಟರಿಗೆ ಉಣಿಸಿ, ಗಳಿಗೆ ಗಳಿಗೆಗೂ ಯಾವ ಮಹಡಿ ಎಷ್ಟು ಸರಿಯುತ್ತದೆಂದು ನೋಡಬೇಕು. ಆ ವರದಿಗೆ ಎರಡು ಸಹಿ ಬೇಕು, ಎರಡನೆಯದು ತಕರಾರಮ್ಮನದು. ಉದ್ಘಾಟನೆಯ ಅಮೃತಶಿಲೆಯ ಮೇಲೆ ಭಾವನ ಹೆಸರು ಆಗಲೇ ಕೆತ್ತಿಯಾಗಿತ್ತು, ಅದೂ ಚಿನ್ನದ ಬಣ್ಣದಲ್ಲಿ!

ಭೂಕಂಪದಲ್ಲಿ ಕಟ್ಟಡಗಳು ಕವಾಯತಿನ ಸಿಪಾಯಿಗಳ ಹಾಗೆ ಒಟ್ಟಿಗೆ ಹೆಜ್ಜೆ ಹಾಕುವುದಿಲ್ಲ. ಕುಳ್ಳನದು ಚುಟುಕು ಓಲಾಟ, ಉದ್ದನೆಯವನದು ನಿಧಾನದ್ದು. ಒಂದು ಗಳಿಗೆ ಇಬ್ಬರೂ ಒಂದೇ ಕಡೆ ವಾಲಿರುತ್ತಾರೆ. ಮರುಗಳಿಗೆ ಇವನು ಅತ್ತ ಹೊರಟಾಗ ಅವನು ಇತ್ತ ಬರುತ್ತಾನೆ, ತಲೆಗೆ ತಲೆ. ಭಾವ ಅಷ್ಟುದ್ದದ ಗ್ರಾಫಿನಲ್ಲಿ ಹೊಸ ಕಟ್ಟಡ ಅತಿ ಹೆಚ್ಚು ವಾಲಿದ ಒಂದೇ ಗಳಿಗೆಯನ್ನು ಹೆಕ್ಕಿ ತೆಗೆದು ಬಣ್ಣದ ಚಿತ್ರ ಮಾಡಿಸಿದ್ದರು. ಹೊಸದು ಹಳೆಯದರತ್ತ ಹನ್ನೆರಡು ಸರಿದಿದೆ, ಹಳೆಯದು ಅದೇ ದಿಕ್ಕಿಗೆ ಏಳು ಸರಿದಿದೆ. ಕಳೆದರೆ ಐದು. ಸಂದು ಇರುವುದು ಹತ್ತು. ತಿಪ್ಪೆ ಸಾರಿಸುವುದೆಂದರೆ ಹೀಗೆ.

"ಭಾವ, ಹೆಚ್ಚು ವಾಲಿದ ಗಳಿಗೆ ನೋಡಿದ್ರೆ ಏನು ಬಂತು? ಎರಡೂ ಎದುರಾದ ಗಳಿಗೆ ನೋಡ್ಬೇಕು. ಇಲ್ನೋಡಿ, ಸ್ವಲ್ಪ ಮುಂದೆ. ಹೊಸದು ಹಳೇದರ ಕಡೆ ಹತ್ತು, ಹಳೇದು ಹೊಸದರ ಕಡೆ ಆರು. ಇಲ್ಲಿ ಕಳೆಯೋದಲ್ಲ, ಕೂಡೋದು. ಹದಿನಾರು!"

"ಗುರುವಿಗೇ ತಿರುಮಂತ್ರ ಹೇಳ್ತೀಯಾ? ನೆಲ ಒಂದೇ, ನಡುಕ ಒಂದೇ. ಎರಡೂ ಒಟ್ಟಿಗೇ ತೂಗ್ತವೆ ಕಣಮ್ಮ."

"ಹೊಸ ಕಟ್ಟಡದ ಸ್ಲ್ಯಾಬು ಹೋಗಿ ಹಳೇ ವಾರ್ಡಿನ ಕಂಬದ ಸೊಂಟಕ್ಕೆ ಹೊಡೆಯುತ್ತೆ. ಹೊಸದರ ಒಳಗೆ ಗೋಡೆ ಕೊಟ್ಟು ಬಿಗಿ ಮಾಡೋಣ ಭಾವ. ಉದ್ಘಾಟನೆ ಮುಂದಕ್ಕೆ ಹೋದ್ರೆ ಹೋಗಲಿ."

ಭಾವ ನಕ್ಕು, ಸ್ಕೇಲಿನ ಮೂಲೆಯಿಂದ ಹಲ್ಲಿನ ಸಂದು ಕೆದಕಿಕೊಂಡರು. ಪಾಪ, ಕೈಲೆಕ್ಕದ ಕಾಲದವರು, ಈ ಗ್ರಾಫು ಅರ್ಥವಾಗುತ್ತಿಲ್ಲವೇನೋ ಅಂದುಕೊಂಡಳು ತಕರಾರಮ್ಮ. ಮಗುವಿಗೆ ಹೇಳುವ ಹಾಗೆ ಮತ್ತೆ ಮತ್ತೆ ಹೇಳಿದಳು. ಅವರು ತಲೆಯಾಡಿಸುತ್ತ ಕೇಳಿ, ಕೊನೆಗೆ ಅದೇ ಹಾಳೆಯನ್ನು ಅವಳ ಮುಂದೆ ಸರಿಸಿದರು. "ಸಂಜೆಯೊಳಗೆ ಸಹಿ ಹಾಕಿಡು."

ಮಧ್ಯಾಹ್ನ ಅವಳು ಅಕ್ಕನನ್ನು ನೋಡಲು ಹೋದಳು. ಅಕ್ಕನಿಗೆ ಗರ್ಭಕೋಶದ ಆಪರೇಷನ್ ಆಗಿತ್ತು, ಅದೇ ಆಸ್ಪತ್ರೆಯ ಹಳೆಯ ಕಟ್ಟಡದಲ್ಲಿ. ಮೊದಲು ಅವಳು ಮಲಗಿದ್ದ, ಹೊಸ ಕಟ್ಟಡದ ಕಡೆಯ ಗೋಡೆ ಪಕ್ಕದ ಮಂಚದಲ್ಲಿ ಅಕ್ಕ ಇರಲಿಲ್ಲ. ಯಾರೋ ಅಜ್ಜಿ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅಕ್ಕ ವಾರ್ಡಿನ ಇನ್ನೊಂದು ತುದಿಯಿಂದ ಕೈಬೀಸಿದಳು.

"ಇಲ್ಲಿಗ್ಯಾಕೆ ಬಂದೆ ಅಕ್ಕಾ?"

"ನಿಮ್ಮ ಭಾವ ಬದಲಾಯಿಸಿದ್ರು. ಮೊನ್ನೆ ನೆಲ ಒಂದ್ಸಲ ಸಣ್ಣಗೆ ನಡುಗ್ತಲ್ಲ, ಲೋಟ ಎಲ್ಲ ಗಲಗಲ ಅಂದ್ವು. ಬೆಳಗಾಗೋದೇ ತಡ ಓಡಿಬಂದು ನರ್ಸ್ ಹತ್ರ ಜಗಳ ಆಡಿ ಮಂಚ ಬದಲಾಯಿಸಿದ್ರು. ಆ ಗೋಡೆ ತಂಡಿಯಂತೆ. ಎಷ್ಟು ಕಾಳಜಿ ನೋಡು!"

ತಕರಾರಮ್ಮ ಸ್ಟೂಲು ಎಳೆದುಕೊಂಡು ಕೂತಳು. ಅರ್ಥವಾಗಿಲ್ಲವಂತೆ! ಅವಳಿಗಿಂತ ಚೆನ್ನಾಗಿ ಅರ್ಥವಾಗಿತ್ತು ಆ ಮಹಾನುಭಾವನಿಗೆ. ಯಾವ ಗೋಡೆ, ಯಾವ ಕಂಬ, ಯಾವ ಮಂಚ ಎಲ್ಲ ಗೊತ್ತಿತ್ತು. ತನ್ನ ಹೆಂಡತಿಯನ್ನು ಎತ್ತಿ ಈಚೆಗಿಟ್ಟು, ಯಾರದೋ ಅಮ್ಮನನ್ನು ಅಲ್ಲಿ ಮಲಗಲು ಬಿಟ್ಟಿದ್ದ. ಬೆಳಗಿನಿಂದ ಅವಳ ಕೈಲಿ ಪಾಠ ಹೇಳಿಸಿಕೊಂಡು ಒಳಗೊಳಗೇ ನಕ್ಕಿದ್ದ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಅವಳು ಬೇರೆಯವರ ಆಫೀಸುಗಳಲ್ಲಿ ಕಂಡಿದ್ದಳು; ಆ ಬೇಲಿಯ ಅನ್ನ ಉಂಡು ತಾನು ಬೆಳೆದೆನಲ್ಲ ಎನಿಸಿತು. ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದಳು.

"ಏನಾಯ್ತೇ?" ಎಂದಳು ಅಕ್ಕ.

ಹೇಳಬಾರದೆಂದುಕೊಂಡಿದ್ದಳು, ಆದರೆ ತಡೆಯಲಾಗಲಿಲ್ಲ. ಕುಳ್ಳ, ಉದ್ದನೆಯವ, ಹತ್ತು, ಹದಿನಾರು, ಭಾವ ಕೊಟ್ಟ ಉತ್ತರ ಎಲ್ಲ ಹೇಳಿದಳು.

ಅಕ್ಕ ಹೊದಿಕೆ ಸರಿಸಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ಕಾಲು ಕೆಳಗಿಟ್ಟಳು. "ಕೈ ಕೊಡು. ಅಜ್ಜಿನ ಎಬ್ಬಿಸಿ ಇಲ್ಲಿಗೆ ಕರ್ಕೊಂಡು ಬಾ. ನನಗೆ ನನ್ನ ಹಳೇ ಮಂಚನೇ ಬೇಕಂತ ಹೇಳು."

"ಅಕ್ಕಾ, ಹುಚ್ಚಾ ನಿನಗೆ?"

"ನೀನೇ ತಪ್ಪು ತಿಳ್ಕೊಂಡಿರಬಹುದು. ನೋಡೇಬಿಡೋಣ. ಅವರಿಗೆ ಫೋನ್ ಮಾಡು."

ನರ್ಸ್ ಗೊಣಗಿದರೂ ಅಜ್ಜಿ ತಕರಾರಿಲ್ಲದೆ ಎದ್ದು ಬಂದರು. ಭಾವ ಏದುಸಿರು ಬಿಡುತ್ತ ಬರುವಷ್ಟರಲ್ಲಿ ಅಕ್ಕ ಗೋಡೆ ಪಕ್ಕದ ಮಂಚದಲ್ಲಿ ನೆಟ್ಟಗೆ ಮಲಗಿದ್ದಳು.

"ಎದ್ದೇಳು! ಇಲ್ಲಿ ಯಾರು ಮಲಗಿಸಿದ್ರು ನಿನ್ನ?"

"ನಾನೇ ಬಂದೆ. ಎರಡೂ ಒಟ್ಟಿಗೇ ತೂಗ್ತವಂತಲ್ಲ, ಇನ್ನೇನು ಭಯ? ಕೂತ್ಕೊಳ್ಳಿ ಬನ್ನಿ." ಮಂಚಕ್ಕೂ ಗೋಡೆಗೂ ನಡುವೆ ಇದ್ದ ಕುರ್ಚಿ ತೋರಿಸಿದಳು.

ಭಾವ ಕುರ್ಚಿ ನೋಡಿದರು, ಗೋಡೆ ನೋಡಿದರು, ಮೇಲೆ ಸೂರಿನತ್ತ ನೋಡಿದರು. ಅಕ್ಕ ಕಣ್ಣು ಮಿಟುಕಿಸದೆ ಅವರನ್ನೇ ನೋಡುತ್ತಿದ್ದಳು. ಕೂತುಬಿಡಲಿ ಎಂಬ ಆಸೆ ಅವಳ ಮುಖದಲ್ಲಿ ಚೆನ್ನಾಗಿ ಕಾಣುತ್ತಿತ್ತು. ಭಾವ ಕೈ ಚಾಚಿ ಕುರ್ಚಿಯನ್ನು ಈಚೆಗೆ ಎಳೆದುಕೊಂಡು, ವಾರ್ಡಿನ ನಡುವೆ ಹಾಕಿ ಕೂತರು.

ಅಕ್ಕ ತಂಗಿಯ ಕಡೆ ತಿರುಗಿದಳು.

"ನಿನ್ನ ಲೆಕ್ಕ ಸರಿಯಾಗಿದೆ," ಎಂದಳು. "ಹೋಗು, ತಕರಾರು ಬರೆದು ಆಡಳಿತ ಮಂಡಳಿಗೆ ಕಳಿಸು."