ಹಿಡಿಗೆ ಕಟ್ಟಿದ ತಂತಿ

ಚಳಿಗಾಲ ಮುಗಿದು ಸೆಪ್ಟೆಂಬರ್ ತಿಂಗಳ ಮೊದಲ ಮಳೆ ಬಿತ್ತೆಂದರೆ ಕ್ವೀನ್ಸ್‌ಲ್ಯಾಂಡಿನ ನಮ್ಮಂಥ ಸಣ್ಣ ಊರಿನಲ್ಲಿ ಶನಿವಾರದ ಬೆಳಗು ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಪ್ರತಿ ಶೆಡ್ಡಿನ ಮುಂದೆ ಒಬ್ಬ ಗಂಡಸು ಬಗ್ಗಿ ನಿಂತು ಹುಲ್ಲು ಕತ್ತರಿಸುವ ಯಂತ್ರವನ್ನು ಸ್ಟಾರ್ಟ್ ಮಾಡಲು ಅದರ ಹಗ್ಗ ಎಳೆಯುತ್ತಿರುತ್ತಾನೆ. ಎಳೆಯುತ್ತಾನೆ, ಬಯ್ಯುತ್ತಾನೆ, ಮತ್ತೆ ಎಳೆಯುತ್ತಾನೆ. ಯಂತ್ರ ಎರಡು ಸಲ ಕೆಮ್ಮಿ ಸುಮ್ಮನಾಗುತ್ತದೆ. ನಿಮ್ಮ ಮನೆಯಲ್ಲೂ ಇದೇ ಕಥೆ ತಾನೆ?

ನನ್ನ ಹೆಸರು ನೋಲೀನ್. ಯಂತ್ರವನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ ಎಂದು ಸ್ವಲ್ಪ ಹೊತ್ತು ಮಾತಾಡಿ ಎಂದು ಊರಿನ ರೇಡಿಯೋದವರು ಕೇಳಿದರು. ನಗುನಗುತ್ತಾ ಹೇಳಿ, ಜನ ಕೇಳುತ್ತಾರೆ ಎಂದೂ ಸೇರಿಸಿದರು. ನಗು ನನ್ನಿಂದಾಗದು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಹೇಳಿಬಿಡುತ್ತೇನೆ.

ನನ್ನ ಗಂಡ ಕೆಲ್ವಿನ್ ಕೆಟ್ಟವನಲ್ಲ. ಬೀದಿಯಲ್ಲಿ ಯಾರ ಮನೆಯ ಚರಂಡಿ ಕಟ್ಟಿಕೊಂಡರೂ ಮೊದಲು ಓಡುವವನು ಅವನೇ. ಆದರೆ ಛಾವಣಿ ಸೋರಲಿ, ಕಾರಿನ ಬ್ರೇಕು ಕಿರುಗುಟ್ಟಲಿ, ಅವನ ಬಾಯಲ್ಲಿ ಬರುವುದು ಒಂದೇ ಮಾತು: ಏನೂ ಆಗಲ್ಲ ಬಿಡು. ಈ ದೇಶದ ಗಂಡಸರಿಗೆ ಈ ಮಾತನ್ನು ತೊಟ್ಟಿಲಲ್ಲೇ ಯಾರೋ ಹೇಳಿಕೊಟ್ಟಿರಬೇಕು.

ನಮ್ಮ ಯಂತ್ರಕ್ಕೂ ಅದೇ ಗತಿ. ಚಳಿಗಾಲವಿಡೀ ಹಳೆಯ ಪೆಟ್ರೋಲು ಟ್ಯಾಂಕಿನಲ್ಲೇ ಕೊಳೆಯಿತು. ಗಾಳಿ ಒಳಗೆ ಹೋಗುವ ಫಿಲ್ಟರಿನಲ್ಲಿ ಮಣ್ಣು ಗಟ್ಟಿಯಾಗಿತ್ತು. ಬ್ಲೇಡಿಗೆ ಕೊಂಡ ಮೇಲೆ ಸಾಣೆ ಹಿಡಿಸಿದ್ದೇ ಇಲ್ಲ. ಅದು ಹುಲ್ಲನ್ನು ಕತ್ತರಿಸುತ್ತಿರಲಿಲ್ಲ, ಹರಿಯುತ್ತಿತ್ತು. ಸ್ಟಾರ್ಟ್ ಮಾಡುವಷ್ಟರಲ್ಲಿ ಅರ್ಧ ಬೆಳಗು ಕಳೆಯುತ್ತಿತ್ತು.

ಈ ಯಂತ್ರಗಳ ಹಿಡಿಗೆ ಒಂದು ಕಂಬಿ ಇರುತ್ತದೆ. ಅದನ್ನು ಹಿಡಿಯ ಜೊತೆ ಸೇರಿಸಿ ಒತ್ತಿ ಹಿಡಿದಿರುವಷ್ಟು ಹೊತ್ತು ಎಂಜಿನ್ ಓಡುತ್ತದೆ, ಕೈಬಿಟ್ಟರೆ ನಿಲ್ಲುತ್ತದೆ. ಕತ್ತರಿಸಿದ ಹುಲ್ಲು ತುಂಬಿದ ಚೀಲವನ್ನು ಕೆಲ್ವಿನ್ ಖಾಲಿ ಮಾಡಲು ಹೋದರೂ ನಿಲ್ಲುತ್ತಿತ್ತು, ಮತ್ತೆ ಹಗ್ಗ ಎಳೆಯಬೇಕಿತ್ತು. ಅದಕ್ಕೆ ಅವನು ಕಂಬಿಯನ್ನೂ ಹಿಡಿಯನ್ನೂ ಸೇರಿಸಿ ಬೇಲಿಯ ತಂತಿಯಿಂದ ಬಿಗಿದುಬಿಟ್ಟ. ಇನ್ನು ಕೈಬಿಟ್ಟರೂ ನಿಲ್ಲುವುದಿಲ್ಲ. ಊರಿನ ಬೌಲ್ಸ್ ಆಟದ ಕ್ಲಬ್ಬಿನಲ್ಲಿ ಸಾಸೇಜು ಸುಡುತ್ತಾ ನಿಂತು ಇದನ್ನೇ ದೊಡ್ಡ ಸಾಧನೆ ಎಂಬಂತೆ ಎಲ್ಲರಿಗೂ ಹೇಳಿದ. ಅವರೂ ಬೆನ್ನು ತಟ್ಟಿದರು.

ತಂತಿ ಬಿಚ್ಚು ಎಂದು ನಾನು ಎಷ್ಟು ಸಲ ಹೇಳಿದೆನೋ. ಭುಜ ನೋಯುತ್ತೆ, ನನ್ನ ಮಷಿನ್ನು ನನಗೆ ಗೊತ್ತು ಎನ್ನುತ್ತಿದ್ದ. ಸರಿ, ಅವನಿಗೆ ಗೊತ್ತು. ಬೇರೆಯವರಿಗೆ?

ನಮ್ಮ ಬೀದಿಯಲ್ಲಿ ಯಾರೂ ಶೆಡ್ಡಿಗೆ ಬೀಗ ಹಾಕುವುದಿಲ್ಲ. ಬೇಕಾದವರು ಬೇಕಾದ್ದನ್ನು ಒಯ್ದು, ಕೆಲಸ ಮುಗಿಸಿ ತಂದಿಡುತ್ತಾರೆ. ಪಕ್ಕದ ಮನೆಯ ಲಯನೆಲ್ ಎಷ್ಟೋ ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಈಗ ಅವರಿಗೆ ಇರುವುದೊಂದೇ ಹುಚ್ಚು, ಬೌಲ್ಸ್. ಹುಲ್ಲಿನ ಅಂಗಳದಲ್ಲಿ ಆ ಭಾರದ ಚೆಂಡನ್ನು ಅವರು ಉರುಳಿಸಿದರೆ ಅದು ಬಾಗಿ ಬಾಗಿ ಹೋಗಿ ಗುರಿಯ ಪಕ್ಕದಲ್ಲೇ ಕೂರುತ್ತದೆ. ಈ ವರ್ಷ ಜಿಲ್ಲೆಯ ಫೈನಲ್ಲಿಗೆ ನಮ್ಮ ಕ್ಲಬ್ಬನ್ನು ತಂದದ್ದು ಅವರ ಬಲಗೈ.

ಅವರ ಯಂತ್ರ ಕೆಟ್ಟಿತ್ತು. ಕೆಲ್ವಿನ್ ಮೀನು ಹಿಡಿಯಲು ಹೋಗಿದ್ದ ದಿನ ನಮ್ಮದನ್ನು ತಳ್ಳಿಕೊಂಡು ಹೋದರು. ಹಿಡಿಯ ತುದಿಯಲ್ಲಿದ್ದ ತಂತಿ ನೋಡಿ, ಸಡಿಲಾದ ಕೇಬಲ್ಲಿಗೆ ಕಟ್ಟಿರಬೇಕು ಅಂದುಕೊಂಡರಂತೆ. ಹಿಂದಿನ ದಿನದ ಮಳೆಗೆ ಹುಲ್ಲು ಒದ್ದೆಯಾಗಿತ್ತು. ಮೊಂಡು ಬ್ಲೇಡಿಗೆ ಹುಲ್ಲು ಮುದ್ದೆ ಮುದ್ದೆಯಾಗಿ ಸಿಕ್ಕಿಕೊಂಡು ಎಂಜಿನ್ ನಿಂತುಹೋಯಿತು. ಲಯನೆಲ್ ಹಿಡಿ ಬಿಟ್ಟರು. ಯಂತ್ರವನ್ನು ಓರೆ ಮಾಡಿ ಕೆಳಗೆ ಕೈಹಾಕಿ ಮುದ್ದೆ ಎಳೆದರು. ಮುದ್ದೆಯ ಜೊತೆ ಬ್ಲೇಡೂ ತಿರುಗಿತು, ಕಂಬಿ ಬಿಗಿದೇ ಇದ್ದುದರಿಂದ ಬಿಸಿಯಾಗಿದ್ದ ಎಂಜಿನ್ ಒಂದೇ ಒಂದು ಸಲ ಹೊತ್ತಿಕೊಂಡು ಬ್ಲೇಡನ್ನು ಒಂದು ಸುತ್ತು ಹೊಡೆಸಿತು.

ನಾನು ಅಡುಗೆಮನೆಯಲ್ಲಿದ್ದೆ. ಬಾಗಿಲಲ್ಲಿ ಲಯನೆಲ್ ಬಂದು ನಿಂತರು. ಮುಖ ಬಿಳಿಚಿಕೊಂಡಿತ್ತು, ದನಿ ಮಾತ್ರ ದಿನದಂತೆಯೇ ಇತ್ತು.

"ನೋಲೀನ್, ಒಂದು ಹಳೇ ಟವೆಲ್ ಇದ್ರೆ ಕೊಡಮ್ಮಾ. ಒಳ್ಳೇದು ಬೇಡ."

ಬಲಗೈಯ ಎರಡು ಬೆರಳು ಅರ್ಧಕ್ಕೆ ಹೋಗಿದ್ದವು. ಚೆಂಡನ್ನು ಹಿಡಿಯುವ ನಡುವಿನ ಎರಡು ಬೆರಳುಗಳು.

ಸಂಜೆ ಮನೆಗೆ ಬಂದು ವಿಷಯ ಕೇಳಿದ ಕೆಲ್ವಿನ್ ಕುಸಿದು ಕೂತ, ಕಣ್ಣಲ್ಲಿ ನೀರು ಹಾಕಿಕೊಂಡ. ಅಷ್ಟಾದರೆ ನಾನು ಸುಮ್ಮನಿರುತ್ತಿದ್ದೆ. ಆಮೇಲೆ ಅವನು ಹೇಳಿದ ಮಾತು ಕೇಳಿ: "ಆದ್ರೂ ಬ್ಲೇಡಿನ ಹತ್ರ ಕೈ ಹಾಕಬಾರದಿತ್ತು ಕಣೇ ಅವನು." ನನಗೆ ಮೈಯೆಲ್ಲ ಉರಿದುಹೋಯಿತು. ಆ ವಾರ ನಾನು ಅವನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಮುಂದಿನ ಶನಿವಾರ ಅವನೇ ಯಂತ್ರ ತಳ್ಳಿಕೊಂಡು ಲಯನೆಲ್ ಅಂಗಳಕ್ಕೆ ಹೊರಟ. ಪಾಪ, ಅವನ ಹುಲ್ಲು ಅರ್ಧ ಉಳಿದಿದೆ, ನಾನೇ ಕತ್ತರಿಸಿಕೊಡ್ತೀನಿ ಎಂದ. ಒಳ್ಳೆಯ ಮನಸ್ಸೇ, ಇಲ್ಲ ಎನ್ನುವುದಿಲ್ಲ. ಆದರೆ ಹಿಡಿಯ ಮೇಲೆ ಆ ತಂತಿ ಹಾಗೇ ಇತ್ತು. ನಾನು ಹೋಗಿ ಯಂತ್ರಕ್ಕೆ ಅಡ್ಡ ನಿಂತೆ.

ಎದುರುಮನೆಯ ರಾಸ್ಲಿನ್ ಆಗತಾನೆ ಕೆಲಸ ಮುಗಿಸಿ ಕಾರಿನಿಂದ ಇಳಿಯುತ್ತಿದ್ದಳು. ಅವಳು ಆಸ್ಪತ್ರೆಯ ಆಪರೇಷನ್ ಕೋಣೆಯ ನರ್ಸು. ಹಸುಗಳ ಫಾರ್ಮಿನಲ್ಲಿ ಬೆಳೆದವಳಾದ್ದರಿಂದ ತನ್ನ ಯಂತ್ರದ ಕೆಲಸವನ್ನೆಲ್ಲ ತಾನೇ ಮಾಡಿಕೊಳ್ಳುತ್ತಾಳೆ. ಲಯನೆಲ್ ಕೈ ಹೊಲಿಯುವಾಗ ಪಕ್ಕದಲ್ಲಿದ್ದವಳೂ ಅವಳೇ. ತಂತಿ ನೋಡಿದವಳೇ ಚೀಲವನ್ನು ಹುಲ್ಲಿನ ಮೇಲೆ ಎಸೆದು ನೇರವಾಗಿ ಬಂದಳು.

"ಇನ್ನೂ ಬಿಚ್ಚಿಲ್ವಾ? ಇನ್ಯಾರ ಬೆರಳು ಬೇಕು ನಿನಗೆ?"

ಬಿಚ್ಚಿದರೆ ಪ್ರತಿ ಸಲ ಹಗ್ಗ ಎಳೆದು ಸಾಯಬೇಕು ಎಂದು ಕೆಲ್ವಿನ್ ಗೊಣಗಿದ. ರಿಪೇರಿಗೆ ಅಂಗಡಿಯವನಿದ್ದಾನೆ, ಯಾವತ್ತಾದರೂ ಒಯ್ದು ಕೊಡುತ್ತೇನೆ ಎಂದ. ಆ ಯಾವತ್ತಾದರೂ ಎಷ್ಟು ವರ್ಷದಿಂದ ನಡೀತಿದೆ ಎಂದು ರಾಸ್ಲಿನ್ ಕೇಳಿದಳು.

"ಹಗ್ಗ ಎಳೆದು ಸಾಯೋದು ಯಾಕೆ ಅಂತ ತೋರಿಸ್ತೀನಿ, ಕೂತ್ಕೋ. ಮೊದಲು ಎಂಜಿನ್ನಿಗೆ ಕಿಡಿ ಕೊಡೋ ಪ್ಲಗ್ಗಿನ ವೈರು ಕೀಳು. ಅದನ್ನ ಕೀಳದೆ ಇದರ ಕೆಳಗೆ ಕೈ ಹಾಕೋದೇ ಬೇಡ. ವೈರು ಕಿತ್ತಿದ್ರೆ ಜಪ್ಪಯ್ಯ ಅಂದ್ರೂ ಎಂಜಿನ್ ಹೊತ್ಕೊಳ್ಳಲ್ಲ. ಇಷ್ಟು ಮಾಡಿದ್ರೆ ಸಾಕಿತ್ತು ಅವತ್ತು."

ಕೆಲ್ವಿನ್ ವೈರು ಕಿತ್ತು ಪ್ಲಗ್ಗಿನಿಂದ ದೂರ ಸರಿಸಿದ. ಬಾಯಿ ಮಾತ್ರ ಗೊಣಗುತ್ತಲೇ ಇತ್ತು.

ಟ್ಯಾಂಕಿನ ಪೆಟ್ರೋಲನ್ನು ಡಬ್ಬಿಗೆ ಇಳಿಸಿದರು. ಅದು ಪೆಟ್ರೋಲಿನ ಬಣ್ಣದಲ್ಲೇ ಇರಲಿಲ್ಲ, ಹಳೆಯ ಪೇಂಟಿನಂಥ ವಾಸನೆ ಬಂತು. ಚಳಿಗಾಲಕ್ಕೆ ಮೂಲೆಗಿಡುವ ಮೊದಲು ಟ್ಯಾಂಕು ಖಾಲಿಯಾಗುವವರೆಗೆ ಓಡಿಸಿಬಿಡಬೇಕು ಎಂದಳು ರಾಸ್ಲಿನ್. ಆಮೇಲೆ ಏರ್ ಫಿಲ್ಟರ್ ಮೇಲ್ಗಡೆ ಬರುವಂತೆ ಯಂತ್ರ ಓರೆ ಮಾಡಿಸಿದಳು. ಅದು ಕೆಳಗಾದರೆ ಆಯಿಲ್ ಹರಿದು ಫಿಲ್ಟರ್ ತೊಯ್ದುಹೋಗುತ್ತದೆ. ಒಣಗಿ ಕಲ್ಲಾಗಿದ್ದ ಹುಲ್ಲನ್ನು ಕಟ್ಟಿಗೆಯಿಂದ ಕೆರೆದರು. ಬ್ಲೇಡು ಬಿಚ್ಚುವಾಗ ದಪ್ಪ ಕೈಗವುಸು ಹಾಕಿಸಿದಳು. ಅದರ ಅಂಚು ನನ್ನ ಬೆಣ್ಣೆ ಸವರುವ ಚಾಕುವಿಗಿಂತ ಮೊಂಡಾಗಿತ್ತು. ಅರದಿಂದ ಎರಡೂ ತುದಿಯನ್ನು ಸಮನಾಗಿ ಉಜ್ಜಬೇಕು, ಒಂದೇ ಕಡೆ ಸವೆದರೆ ಯಂತ್ರ ನಡುಗುತ್ತದೆ, ಬಿರುಕು ಕಂಡರೆ ಹೊಸದೇ ಹಾಕಬೇಕು ಎಂದಳು. ಉಜ್ಜಿದ ಬ್ಲೇಡನ್ನು ಮತ್ತೆ ಕೂರಿಸಿ ಬೋಲ್ಟನ್ನು ಬಿಗಿಯಾಗಿ ತಿರುಗಿಸಿದರು. ಫಿಲ್ಟರ್ ಕೊಡವಿದರೆ ಒಂದು ಹೂಕುಂಡಕ್ಕಾಗುವಷ್ಟು ಮಣ್ಣು ಬಿತ್ತು. ಕಪ್ಪಾಗಿದ್ದ ಆಯಿಲ್ ಬದಲಾಯಿಸಿ, ಪ್ಲಗ್ಗನ್ನು ಉಜ್ಜಿ, ಹೊಸ ಪೆಟ್ರೋಲು ಹಾಕಿದರು. ಕೊನೆಗೆ ವೈರು ಸಿಕ್ಕಿಸಿ, ಈಗ ಎಳಿ ಎಂದಳು.

ಕೆಲ್ವಿನ್ ಎಳೆದ. ಒಂದೇ ಎಳೆತಕ್ಕೆ ಎಂಜಿನ್ ಹಿಡಿಯಿತು.

ಅವನು ಹೆಮ್ಮೆಯಿಂದ ನನ್ನ ಕಡೆ ನೋಡಿದ. ನನಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಒಂದು ಬೆಳಗಿನ ಕೆಲಸ ಇದು. ಇಷ್ಟಕ್ಕೆ ಸೋಮಾರಿತನ ಮಾಡಿ ಆ ತಂತಿ ಬಿಗಿದಿದ್ದ.

ತಮ್ಮ ಮನೆಯ ವರಾಂಡದ ಕುರ್ಚಿಯಲ್ಲಿ ಲಯನೆಲ್ ಕೂತು ನೋಡುತ್ತಿದ್ದರು. ಬ್ಯಾಂಡೇಜಿನ ಕೈ ಮಡಿಲಲ್ಲಿತ್ತು. ಕೆಲ್ವಿನ್ ವೇಗದ ಲಿವರನ್ನು ಪೂರ್ತಿ ಇಳಿಸಿ ಎಂಜಿನ್ ಆರಿಸಿದ ಮೇಲೆ ಅವರು ಮೆಲ್ಲಗೆ ಹೇಳಿದರು.

"ನಾನು ಕೈಬಿಟ್ಟಿದ್ದೆ ಕೆಲ್ವಿನ್. ಕೈಬಿಟ್ರೆ ಆಫ್ ಆಗುತ್ತೆ ಅಂತ ನಂಬಿದ್ದೆ. ತಂತಿ ಕಟ್ಟಿದೀಯ ಅಂತ ಕ್ಲಬ್ಬಲ್ಲಿ ಎಲ್ಲರಿಗೂ ಹೇಳಿದ್ಯಂತೆ. ಆವತ್ತು ನಾನು ಬಂದಿರಲಿಲ್ಲ ನೋಡು."

ಬೈದಿದ್ದರೆ ಕೆಲ್ವಿನ್ ತಿರುಗಿ ಏನಾದರೂ ಅನ್ನುತ್ತಿದ್ದ. ಅವರು ಬೈಯಲಿಲ್ಲ. ಕೆಲ್ವಿನ್ ಜೇಬಿನಿಂದ ಇಕ್ಕಳ ತೆಗೆದು ತಂತಿ ಕತ್ತರಿಸಿದ. ಕಂಬಿ ಹಿಡಿಯಿಂದ ದೂರ ಸರಿದು ತನ್ನ ಜಾಗಕ್ಕೆ ಬಂತು. ಅವನು ಅದನ್ನು ನೋಡಿ, ಬೀದಿಯ ಶೆಡ್ಡುಗಳ ಕಡೆ ತಿರುಗಿದ.

"ನೋಲೀನ್, ನಾನು ಎಲ್ಲರಿಗೂ ಹೇಳಿಕೊಟ್ಟಿದೀನಿ ಕಣೇ," ಎಂದ.

ಲಯನೆಲ್ ಹುಲ್ಲನ್ನು ನಾನು ಕತ್ತರಿಸಿದೆ. ಕೆಲ್ವಿನ್ ಇಕ್ಕಳ ಹಿಡಿದು ಬೀದಿಗಿಳಿದ. ಪ್ರತಿ ಶೆಡ್ಡಿಗೂ ಹೋದ. ಕೆಲವರು ನಕ್ಕರಂತೆ. ಒಬ್ಬ, ಏನೂ ಆಗಲ್ಲ ಬಿಡೋ ಮಾರಾಯ ಎಂದನಂತೆ. ಅವನನ್ನು ಕೆಲ್ವಿನ್ ಕೈಹಿಡಿದು ಎಳೆದುಕೊಂಡು ಬಂದು ಲಯನೆಲ್ ಮುಂದೆ ನಿಲ್ಲಿಸಿದ. ಆ ಮನುಷ್ಯ ಮನೆಗೆ ಹೋಗಿ ತನ್ನ ತಂತಿಯನ್ನು ತಾನೇ ಕತ್ತರಿಸಿದ.

ಮಧ್ಯಾಹ್ನ ಕೆಲ್ವಿನ್ ಬಂದು ಅಡುಗೆಮನೆಯ ಮೇಜಿನ ಮೇಲೆ ಒಂದು ಹಿಡಿ ತಂತಿತುಂಡು ಸುರಿದ. ನಾನು ಟೀ ಮಾಡಿಕೊಟ್ಟೆ. ಕ್ಷಮಿಸಿದೆ ಎಂದು ಹೇಳಲಿಲ್ಲ. ಕ್ಷಮಿಸಬೇಕಾದವಳು ನಾನಲ್ಲ.

ಫೈನಲ್ಲಿನಲ್ಲಿ ನಮ್ಮ ಕ್ಲಬ್ಬು ಸೋತಿತು. ಲಯನೆಲ್ ಬೇಲಿಯ ಆಚೆ ನಿಂತು ಎಡಗೈಯನ್ನು ತೊಡೆಗೆ ಬಡಿದು ಚಪ್ಪಾಳೆ ಹೊಡೆದರು.

ಕೇಳುತ್ತಿರುವವರೇ, ನೀವು ಈಗ ಮಾಡಬೇಕಾದ್ದು ಇಷ್ಟೇ. ರೇಡಿಯೋ ಆರಿಸಿ, ಶೆಡ್ಡಿಗೆ ಹೋಗಿ. ಹಳೆಯ ಪೆಟ್ರೋಲು ಕೊಡುವ ಜಾಗ ಊರಿನ ಕಸದ ಕೇಂದ್ರದಲ್ಲಿದೆ, ಚರಂಡಿಗೆ ಸುರಿಯಬೇಡಿ. ಪ್ಲಗ್ಗಿನ ವೈರು ಕಿತ್ತ ಮೇಲೆ ಬ್ಲೇಡು ನೋಡಿ, ಫಿಲ್ಟರ್ ನೋಡಿ, ಆಯಿಲ್ ನೋಡಿ. ಹುಲ್ಲು ಒದ್ದೆಯಿದ್ದರೆ ಒಣಗುವ ತನಕ ತಡೆದುಕೊಳ್ಳಿ. ಹಿಡಿಗೆ ತಂತಿ, ದಾರ, ಟೇಪು ಏನು ಸುತ್ತಿದ್ದರೂ ಈಗಲೇ ಕತ್ತರಿಸಿ. ಇಕ್ಕಳ ಹಿಡಿಯಲು ಬೆರಳು ಬೇಕು. ಇರುವಾಗಲೇ ಹೋಗಿ.